ನನ್ನ ಪಾಲಿಗೆ ಬಂದ ಮರಳು

ಹೋರಾ, 20 ಸೆಪ್ಟೆಂಬರ್ 1987

ಮುನಿಸಿಕೊಂಡರೂ ನನಗೆ ಒಬ್ಬನೇ ಅಣ್ಣನಾದ ಝನ್ನಿಗೆ,

ನಿನ್ನ ಕೆಮ್ಮು ಹೇಗಿದೆ? ಪಿರೇಯಸ್ ಬಂದರಿನ ಹೊಗೆ ಕುಡಿದು ಎದೆ ಹಾಳುಮಾಡಿಕೊಂಡಿದ್ದೀ ಎಂದು ಹಡಗಿನವರು ಹೇಳುತ್ತಾರೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಅಳುತ್ತದೆ, ಉಳಿದಂತೆ ಕ್ಷೇಮ. ಬೆಟ್ಟದ ಮೇಲಿನ ನಿನ್ನ ದ್ರಾಕ್ಷಿತೋಟದ ಕೊಯ್ಲು ಈ ವರ್ಷವೂ ನಾನೇ ಮುಗಿಸಿದೆ. ಹೋದ ವರ್ಷದ ವೈನು ಎರಡು ಡಬ್ಬಿ ಕಳಿಸಿದ್ದೇನೆ. ದಯವಿಟ್ಟು ಹಿಂದಿನ ಸಲದಂತೆ ಅದೇ ಹಡಗಿನಲ್ಲಿ ವಾಪಸು ಕಳಿಸಬೇಡ. ಹಡಗಿನವರು ಅರ್ಧ ಕುಡಿದು ತಂದುಕೊಟ್ಟರು.

ಸುದ್ದಿ ಏನೆಂದರೆ, ಕಡಲದಂಡೆಯ ನನ್ನ ಜಾಗದಲ್ಲಿ ಇನ್ನು ಏನೂ ಕಟ್ಟುವಂತಿಲ್ಲ. ಅಪ್ಪ ಪಾಲು ಮಾಡಿದ ದಿನ ನೆನಪಿದೆಯಾ? "ಗಂಡುಮಗನಿಗೆ ತೋಟ. ಹುಡುಗಿಗೆ ಆ ಮರಳೇ ಸಾಕು, ಮೇಕೆ ಕೂಡ ಅಲ್ಲಿ ಬಾಯಿ ಹಾಕಲ್ಲ" ಅಂದಿದ್ದರು. ನೀನು ನಕ್ಕಿದ್ದೆ, ನಾನು ಅತ್ತಿದ್ದೆ. ಆಮೇಲೆ ಈಜಲು ಪರದೇಶದವರು ಬಂದರು, ಮರಳು ಬಂಗಾರವಾಯಿತು, ನೀನು "ಅಪ್ಪನ ಕಿವಿ ಊದಿ ಜಾಗ ಹೊಡಕೊಂಡೆ" ಎಂದು ಹಡಗು ಹತ್ತಿದೆ. ಅಮ್ಮನನ್ನು ಮಣ್ಣು ಮಾಡಲು ಬಂದವನು ನನ್ನ ಮನೆಯಲ್ಲಿ ಒಂದು ತುತ್ತು ಉಣ್ಣದೆ ಹೋದೆ. ಅದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ, ಅಣ್ಣ.

ಈ ಬೇಸಿಗೆ ನಮ್ಮ ಯಜಮಾನರು ಯಾಕುಮಿಸ್ ಪರದೇಶದವರಿಗೆ ಬಾಡಿಗೆಗೆ ಕೊಡಲು ಹನ್ನೆರಡು ಕೋಣೆ ಕಟ್ಟಿಸಲು ಪಾಯ ತೆಗೆಸಿದರು. ಎದೆಮಟ್ಟ ಅಗೆಯುವಷ್ಟರಲ್ಲಿ ಹಳೇ ಕಾಲದ ಗೋಡೆ, ಮೆಟ್ಟಿಲು, ಒಡೆದ ಹೂಜಿಗಳು. ನಮ್ಮ ದ್ವೀಪದಲ್ಲಿ ಇಂಥದ್ದಕ್ಕೆ ಏನು ಮಾಡುತ್ತಾರೆಂದು ನಿನಗೆ ಗೊತ್ತೇ ಇದೆ. "ಮರೂಸಕ್ಕಾ, ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ, ನಾಳೆ ಮಧ್ಯಾಹ್ನದೊಳಗೆ ಸಿಮೆಂಟು ಸುರಿದುಬಿಡ್ತೀವಿ" ಎಂದ ಮೇಸ್ತ್ರಿ ಲಿನಾರ್ಡೊಸ್. ಆದರೆ ಮರುದಿನ ಬೆಳಿಗ್ಗೆಯೇ ಪ್ರಾಚ್ಯವಸ್ತು ಇಲಾಖೆಯವರು ಬಂದು ಸುತ್ತ ಹಗ್ಗ ಕಟ್ಟಿದರು. ಎರಡು ಸಾವಿರ ವರ್ಷದ ಬಚ್ಚಲುಮನೆಯಂತೆ! ನಮ್ಮ ಮನೆಗೆ ಬಚ್ಚಲು ಬಂದದ್ದು ನನ್ನ ಮದುವೆಯಾದ ಮೇಲೆ. ಈಗ ಅಲ್ಲಿ ಕೋಳಿಗೂಡು ಕಟ್ಟಲೂ ಅಪ್ಪಣೆ ಇಲ್ಲ. ಊರಲ್ಲಿ ಯಾರೋ ಚಾಡಿ ಹೇಳಿದ್ದಾರೆಂದು ಯಾಕುಮಿಸ್ ಕಂಡಕಂಡವರ ಮೇಲೆ ಹಲ್ಲು ಕಡಿಯುತ್ತಿದ್ದಾರೆ. ಮೂರು ದಿನ ಊಟ ಬಿಟ್ಟರು. ನಾಲ್ಕನೇ ದಿನ ಬೂತಾಯಿ ಮೀನು ಹುರಿದೆ, ಬಂದು ಕೂತರು.

ಅಂತೂ ಮರಳು ಮತ್ತೆ ಬರೀ ಮರಳಾಯಿತು. ಇನ್ನು ನನ್ನ ಹತ್ತಿರ ನೀನು ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಉಳಿದಿಲ್ಲ. ನೀರು ಅಕ್ಟೋಬರ್‌ವರೆಗೂ ಬೆಚ್ಚಗಿರುತ್ತದೆ. ಬಾ, ಈಜು, ನನ್ನ ಮನೆಯಲ್ಲಿ ಉಣ್ಣು.

ದೇವಮಾತೆ ನಿನ್ನ ಎದೆ ಗಟ್ಟಿ ಇಡಲಿ. ಅತ್ತಿಗೆಗೆ ನನ್ನ ಮುತ್ತು.

ನಿನ್ನ ತಂಗಿ
ಮರೂಸೊ

ತಾ.ಕ.: ಹಡಗು ಕೂಗಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಗೋಡೆ ಸಿಕ್ಕ ದಿನ ಮಧ್ಯಾಹ್ನ ಕಾಫಿ ಅಂಗಡಿಯಿಂದ ಇಲಾಖೆಗೆ ಫೋನ್ ಮಾಡಿದವಳು ನಾನೇ. ಮರಳಿಗಿಂತ ನೀನೇ ಬೇಕು ಅನ್ನಿಸಿತು. ಬಂದಾಗ ಯಾಕುಮಿಸ್ ಮುಂದೆ ಬಾಯಿ ಬಿಡಬೇಡ.