ಬೇವಿನ ನೆರಳಿನಿಂದ ಎದ್ದವರು

ಪ್ರೀತಿಯ ತ್ರಿವೇಣಿ,

ನಮ್ಮ ಆದವಾನಿಯ ಬಿಸಿಲಿಗೆ ಕಪ್ಪಾಗಿದ್ದ ನಿನ್ನ ಮೂಗು ಮೈಸೂರಿಗೆ ಹೋದ ಮೇಲೆ ಬೆಳ್ಳಗಾಯಿತೆ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಎದುರುಮನೆ ಕೊಟ್ರಮ್ಮನ ಕಿವಿ ನಮ್ಮ ಪಡಸಾಲೆಗೇ ಬಂದು ಕೂರುತ್ತದೆ. ವಿಷಯವೂ ಆಕೆಯದೇ. ಅದಕ್ಕೇ ಈ ಕಾಗದ.

ಮರ, ನೆರಳು, ಕಟ್ಟೆ ಎಲ್ಲ ಹೊಂದಿಸಿ ಊರನ್ನು ಚಂದ ಮಾಡುವ ಓದು ನಿಮ್ಮದು. ಕಾಣದ ಊರನ್ನು ನಡೆದೇ ನೋಡಬೇಕೆಂದು ನಿಮ್ಮ ಮೇಷ್ಟ್ರು ನಿನ್ನನ್ನೂ ನಿನ್ನ ಜೊತೆ ಓದುವವರನ್ನೂ ಇಲ್ಲಿಗೆ ಕಳಿಸಿದ್ದರಲ್ಲ, ಅದು ನಮ್ಮವರ ತಲೆಗೆ ಹೋಗಲೇ ಇಲ್ಲ. ಆಟೋ ಕೆಂಚಣ್ಣ ನಿಮ್ಮ ಹಿಂದೆಯೇ ಬಂದು, "ರೊಕ್ಕ ಇಲ್ಲಂದ್ರೂ ನಡೀತೈತಿ, ಕೂಡ್ರಮ್ಮಾ" ಎಂದು ಗೋಗರೆದ. ನೀನು "ಬೇಕಂತಲೇ ನಡೀತಿದ್ದೀವಿ ಅಂಕಲ್" ಎಂದಾಗ, ಏನೋ ದೊಡ್ಡ ಹರಕೆ ಇರಬೇಕೆಂದು ಕೈಮುಗಿದು ಹೋದ.

ಬೀದಿಯ ಜನ ಮಧ್ಯಾಹ್ನ ಎಲ್ಲಿ ಕೂರುತ್ತಾರೆಂದು ಗುರುತು ಹಾಕುವುದು ನಿಮ್ಮ ಕೆಲಸ. ನಾವು ದಿನಾ ಕೂರುವುದು ಬೇವಿನ ಮರದ ಕೆಳಗೆ. ನಿಮ್ಮನ್ನು ದೂರದಲ್ಲಿ ಕಂಡದ್ದೇ ತಡ, ಕೊಟ್ರಮ್ಮ "ಏಳ್ರಿ, ಏಳ್ರಿ! ಪಾಪ, ಹುಡುಗ್ರು ಬಿಸಿಲಾಗ ಬಂದಾರ, ನೆಳ್ಳು ಬಿಡ್ರಿ" ಎಂದು ಎಲ್ಲರನ್ನೂ ಎಬ್ಬಿಸಿದಳು. ನಿಮ್ಮನ್ನು ನೆರಳಿಗೆ ಕೂರಿಸಿ, ಮಂಡಕ್ಕಿ ಉಗ್ಗಾಣಿ, ಮಿರ್ಚಿ ಕೈಗಿಟ್ಟು, ನಾವು ಹತ್ತಿ ಮಿಲ್ಲಿನ ಗೋಡೆಗೆ ಒರಗಿ ಉರಿಬಿಸಿಲಿನಲ್ಲಿ ನಗುನಗುತ್ತಾ ಕೂತೆವು. ನೀವು ಬಂದ ದಿನವೆಲ್ಲ ಇದೇ ಕಥೆ. ನೀವೂ ಅದನ್ನೇ ಬರೆದುಕೊಂಡಿರಿ!

ಈಗ ನೀನು ಕಳಿಸಿದ ನಕ್ಷೆ ಬಂದಿದೆ. ಗೋಡೆಯ ಪಕ್ಕ ಕಲ್ಲುಬೆಂಚು. ಬೇವಿನ ಬುಡದಲ್ಲಿ ಬೈಕ್ ನಿಲ್ಲಿಸುವ ಜಾಗ. 'ಇಲ್ಲಿ ಯಾರೂ ಕೂರುವುದಿಲ್ಲ' ಎಂದು ಟಿಪ್ಪಣಿ ಬೇರೆ. ಇದು ತಪ್ಪೆಂದು ನಿನಗೆ ತಿಳಿಸೋಣ ಎಂದರೆ ಕೊಟ್ರಮ್ಮ, "ಕಷ್ಟಪಟ್ಟು ಬರದಾರ, ಬ್ಯಾಡ ಅಂದ್ರ ಆ ಹುಡುಗಿ ನೊಂದ್ಕೊಂತಾಳ" ಎಂದು ನನ್ನ ಬಾಯಿ ಮುಚ್ಚಿಸಿದಳು. ಬೀದಿಯವರೆಲ್ಲ ಸೇರಿ ಬೆಂಚು ಕಟ್ಟಲು ಗಾರೆ ಕೆಲಸದ ಮಾರೆಪ್ಪನನ್ನು ಗೊತ್ತುಮಾಡಿಯೂ ಆಯಿತು. ಅಮಾವಾಸ್ಯೆ ಕಳೆದರೆ ಕೆಲಸ ಶುರು. ನಿನ್ನ ಮನಸ್ಸು ನೋಯದಿರಲಿ ಎಂದು ನಾವು ಸಾಯುವ ತನಕ ಬಿಸಿಲಿನಲ್ಲಿ ಕೂರಬೇಕು, ತಾಯಿ!

ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮ ಬೀದಿಯನ್ನು ಅಷ್ಟು ಅಕ್ಕರೆಯಿಂದ ನಿಂತು ನೋಡಿದವರು ನೀವೇ ಮೊದಲು. ನೀವು ಹೋದ ಸಂಜೆ ನನಗೆ ಊಟ ಸೇರಲಿಲ್ಲ.

ಅಮಾವಾಸ್ಯೆಯೊಳಗೆ ಇನ್ನೊಮ್ಮೆ ಬಾ. ಅಳತೆಯ ಟೇಪು, ಟೋಪಿ, ಹೆಗಲ ಚೀಲ ಬೇಡ. ಅವನ್ನು ಕಂಡರೆ ನಾವು ಮತ್ತೆ ಎದ್ದುಬಿಡುತ್ತೇವೆ, ಅದು ನಮ್ಮ ಕೈಯಲ್ಲಿಲ್ಲ. ಬಸ್ಸಿಳಿದು ಸೀದಾ ನಮ್ಮ ಅಡುಗೆಮನೆಗೆ ಬಾ. ನನ್ನದೊಂದು ಹಳೇ ಸೀರೆ ಸುತ್ತಿಕೊಂಡು ಬೇವಿನ ಕೆಳಗೆ ಹೋಗಿ, "ಸ್ವಲ್ಪ ಸರಕೊಳ್ರಿ" ಎಂದು ನಡುವೆ ನುಗ್ಗಿ ಕೂತುಬಿಡು. ಕೂತ ಮೇಲೆ ಆ ನಕ್ಷೆಯನ್ನು ನೀನೇ ಹರಿದುಹಾಕು. ಮನೆಮಗಳಿಗೆಂದು ಇಲ್ಲಿ ಯಾರೂ ಏಳುವುದಿಲ್ಲ. ಕೊಟ್ರಮ್ಮ ನಿನ್ನನ್ನೇ ಎಬ್ಬಿಸಿ ನೀರು ತರಲು ಅಟ್ಟುತ್ತಾಳೆ, ನೋಡುತ್ತಿರು.

ನೀನು ಕೂತಲ್ಲೆಲ್ಲ ತಂಪಿರಲಿ, ಮಗಳೇ.

ನಿನ್ನ ಚಿಕ್ಕಮ್ಮ
ಹೇಮಾವತಿ
(ಇನ್ನು ಮೇಲೆ ಆಂಟಿ ಎಂದರೆ ಉಗ್ಗಾಣಿ ಇಲ್ಲ.)