ಅಕ್ಕನಿಗೆ ಓದಿದ ಪದಬಂಧ

೧೪ ನವೆಂಬರ್, ಶುಕ್ರವಾರ. ಇಚಲಕರಂಜಿ

ನಾಳೆ ಕೊಲ್ಹಾಪುರದಲ್ಲಿ ಅಕ್ಕನ ಎದೆಯ ಗಂಟಿನ ರಿಪೋರ್ಟ್ ಕೊಡುತ್ತಾರೆ. ನನ್ನನ್ನು ಬರಬೇಡ ಎಂದಿದ್ದಾಳೆ. ಜೊತೆಗೆ ತನ್ನ ಮಗಳು ಸ್ನೇಹಲ ಸಾಕಂತೆ. ಇವತ್ತೂ ನಾನು ಆ ಮಾತು ಎತ್ತಲಿಲ್ಲ.

ಸಂಜೆ ಎಂದಿನಂತೆ ಗಡಹಿಂಗ್ಲಜದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಪದಬಂಧದ ಸುಳಿವು ಓದಿದೆ. ಎರಡೂ ಮನೆಗಳ ಮಕ್ಕಳು ಓದುವುದು ಮರಾಠಿ. ಕನ್ನಡ ಪದಕ್ಕೆ ತಡವರಿಸಿದರೆ ನನಗಿರುವುದು ಅವಳೊಬ್ಬಳೇ.

"ಬೆಲ್ಲ ಕಾಸೋ ದೊಡ್ಡ ಪಾತ್ರೆ. ನಾಕ ಅಕ್ಷರ."

"ಕಾಹಿಲ."

"ಅದು ಮರಾಠಿ, ಅಕ್ಕಾ."

"ನಮ್ಮ ಹೊಲದಾಗ ಹಂಗ ಅಂತಾರಪಾ. ಆ ಪೇಪರಿನಾಂವ ಎಂದರ ಬೆಲ್ಲಾ ಮಾಡ್ಯಾನೇನು?" ನಕ್ಕಳು. "ಕೊಪ್ಪರಿಗೆ ಅಂತ ಬರಿ. ಮುಂದಿಂದು ಓದು."

ದಿನಾ ಎರಡು ಸುಳಿವಿಗೇ ಒಲೆಯ ನೆಪ ಹೇಳಿ ಫೋನ್ ಇಡುವವಳು ಇವತ್ತು ಮುಂದಿಂದು, ಮುಂದಿಂದು ಎನ್ನುತ್ತಲೇ ಇದ್ದಳು. ಬೆಳಿಗ್ಗೆಯೇ ತುಂಬಿಸಿದ್ದ ಚೌಕಗಳ ಸುಳಿವನ್ನೂ ಗೊತ್ತಿಲ್ಲದವನಂತೆ ಓದಿದೆ. ಅವಳಿಗೂ ತಿಳಿದಿರಬೇಕು. ಕೊನೆಗೆ ಸುಳಿವುಗಳು ಮುಗಿದವು. ಅವಳು ಫೋನ್ ಇಡಲಿಲ್ಲ.

"ನಾಳಿ ದವಾಖಾನ್ಯಾಗ ಭಾಳ ಹೊತ್ತು ಕುಂದ್ರಸ್ತಾರ," ಅಂದಳು. "ಅಲ್ಲೇ ಫೋನ್ ಹಚ್ಚು. ಪೇಪರ್ ಮರೀಬ್ಯಾಡ."

ನಾಳೆ ಒಂದು ಚೌಕವನ್ನೂ ನಾನು ತುಂಬಿಸುವುದಿಲ್ಲ. ಪದಬಂಧ ಕಷ್ಟದ್ದಾಗಿರಲಿ, ಅವಳ ಹೆಸರು ಕೂಗುವವರೆಗೆ ಮುಗಿಯದಷ್ಟು, ಕೂಗಿದ ಮೇಲೂ ಒಂದೆರಡು ಸುಳಿವು ಉಳಿಯುವಷ್ಟು.