ಕನ್ನಡಿಯಲ್ಲಿ ನೀನು ಬಿದ್ದದ್ದನ್ನು ನೋಡಿದ್ದೆ

ಲಿಂಕೋಪಿಂಗ್, ಸ್ವೀಡನ್
ನವೆಂಬರ್, ಭಾನುವಾರ

ಪ್ರೀತಿಯ ವಿಶಾಲ್‌ಗೆ,

ಮೊದಲು ‘ವಿಶಾಲಣ್ಣ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಹಾಗೆ ಕರೆದರೆ ನೀನು ಓದುವ ಮೊದಲೇ ಕ್ಷಮಿಸಿಬಿಡುತ್ತೀಯ.

ಬುಧವಾರ ಫೋನಿನಲ್ಲಿ ನೀನು, "ಅವಳು ಬಿಟ್ಟು ಹೋದ್ಲು. ನಂಗೋಸ್ಕರ ತಿರುಗಿ ಬಂದವನು ನೀನೊಬ್ನೇ ಕಣೋ ಚಿರು" ಎಂದೆ. ನಾನು ‘ಹೂಂ’ ಎಂದೆ. ತಿರುಗಿ ಬಂದದ್ದು ನಾನಲ್ಲ ವಿಶಾಲ್. ಇಶಾ.

ಇದನ್ನು ಇಂಗ್ಲಿಷಿನಲ್ಲಿ ಮೂರು ಸಲ ಟೈಪ್ ಮಾಡಿದೆ. ಪ್ರತಿ ಸಲವೂ ‘ಐ ಪ್ಯಾನಿಕ್ಡ್’ ಎಂಬಲ್ಲಿ ಮುಗಿದುಹೋಗುತ್ತಿತ್ತು, ನನಗೇನೋ ಜ್ವರ ಬಂದಿತ್ತು ಅನ್ನುವ ಹಾಗೆ. ಅದಕ್ಕೇ ಕನ್ನಡ. ಹಾಸ್ಟೆಲಿನಲ್ಲಿ ಕಡ್ಡಾಯವಾಗಿ ಬರೆಸುತ್ತಿದ್ದ ಕಾಗದಗಳಾದ ಮೇಲೆ ಇದೇ ಮೊದಲು, ತಪ್ಪಿದ್ದರೆ ತಿದ್ದಿಕೊಂಡು ಓದು.

ಕುಸ್ಕೋದಲ್ಲಿ ಬೈಕು ಬಾಡಿಗೆಗೆ ಹಿಡಿದ ದಿನ ರೂಲು ಹಾಕಿದವನು ನೀನು. ಕಿಸ್ಟಾ ಆಫೀಸಿನ ನಿನ್ನ ಜುಲೈ ರಜೆ, ಉಪ್ಸಾಲಾದ ಲ್ಯಾಬಿನಿಂದ ಇಶಾ ಕಿತ್ತುಕೊಂಡು ಬಂದ ರಜೆ, ಯೂನಿವರ್ಸಿಟಿ ಸೇರುವ ಮುಂಚಿನ ನನ್ನ ಖಾಲಿ ತಿಂಗಳು, ಮೂರೂ ಒಟ್ಟಿಗೆ ಸಿಕ್ಕಿ ಹೊರಟ ಪ್ರವಾಸ ಅದು. ಅಲ್ಲಿಯವರ ಭಾಷೆ ಸ್ಪ್ಯಾನಿಷ್ ಬರುತ್ತಿದ್ದ ಇಶಾ ಮುಂದೆ, ಪುಕ್ಕಲನಾದ ನಾನು ನಡುವೆ, ನೀನು ಕೊನೆಗೆ. "ಹಿಂದಿನವನು ಕನ್ನಡೀಲಿ ಕಾಣ್ತಿರ್ಬೇಕು. ಕಾಣ್ಲಿಲ್ಲ ಅಂದ್ರೆ ನಿಲ್ಲು. ಅಷ್ಟೇ." ಇಶಾ ನಿನ್ನನ್ನು ತೋರಿಸಿ ನನಗೆ, "ಇವ್ನು ಅಜ್ಜಿ ಥರ ಓಡಿಸ್ತಾನೆ, ಕಾಯ್ತಾ ಕೂತ್ರೆ ನಂಗೆ ಮೊಮ್ಮಕ್ಕಳಾಗ್ತವೆ" ಎಂದಿದ್ದಳು. ನೀನು ನಕ್ಕು ಅವಳ ಹೆಲ್ಮೆಟ್ಟಿಗೆ ಮುತ್ತಿಟ್ಟಿದ್ದೆ.

ಹನ್ನೆರಡನೆಯ ದಿನ, ನಾಲ್ಕು ಸಾವಿರ ಮೀಟರ್ ಎತ್ತರದ ಬಯಲು. ರಸ್ತೆಗೆ ಅಡ್ಡ ಕಲ್ಲಿನ ಸಾಲು, ಉರಿಯುವ ಟೈರು, ಮುಷ್ಕರಕ್ಕೆ ಕೂತ ನೂರಾರು ಜನ. ಹಿಂದಿನ ದಿನ ಆ ತಡೆ ಮುರಿದು ನುಗ್ಗಿದ ಲಾರಿಯೊಂದು ಅವರ ಊರಿನ ಹುಡುಗಿಯನ್ನು ಅರೆದುಹಾಕಿತ್ತು. ಇಶಾ ಹೋಗಿ ಮಾತಾಡಿದಳು. ಇಂಜಿನ್ ಆಫ್ ಮಾಡಿ ತಳ್ಳಿಕೊಂಡು ಹೋದರೆ ಬಿಡುತ್ತಾರಂತೆ, ಸದ್ದು ಕೇಳಿದರೆ ಇಲ್ಲ. ಅವಳು ತಳ್ಳಿಕೊಂಡೇ ದಾಟಿ ತಿರುವಿನ ಆಚೆ ಮರೆಯಾದಳು. ಆಮೇಲೆ ನಾನು. ಎರಡೂ ಕಡೆ ಬಿಸಿಲಿಗೆ ಒಡೆದ ಮುಖಗಳು, ಒಬ್ಬನ ಮುಷ್ಟಿಯಲ್ಲಿ ಸೈಕಲ್ ಚೈನು. ಯಾರೋ ನನ್ನ ಹೆಲ್ಮೆಟ್ ಮೇಲೆ ಬೆರಳಿನಿಂದ ಟಕ್ ಎಂದು ಕುಟ್ಟಿದರು. ಅಷ್ಟೇ. ನನ್ನ ಹೆಬ್ಬೆರಳು ಸ್ಟಾರ್ಟ್ ಒತ್ತಿತು.

ಆ ಸದ್ದು ಯಾರದೆಂದು ನೀನು ಆಮೇಲೆ ಕೇಳಿದ್ದೆ. ನನ್ನದು.

ಮೊದಲ ಕಲ್ಲು ನನ್ನ ಬೆನ್ನಿಗೆ ಬಿತ್ತು. ನಾನು ಆಕ್ಸಿಲರೇಟರ್ ತಿರುಚಿ ಸಾಲಿನ ಸಂದಿಯಲ್ಲಿ ನುಗ್ಗಿದೆ. ನೀನಿನ್ನೂ ಇಂಜಿನ್ ಆರಿಸಿ ತಳ್ಳುತ್ತಿದ್ದೆ, ಮಾತು ಕೊಟ್ಟ ಹಾಗೆ. ಕನ್ನಡಿಯಲ್ಲಿ ನೋಡಿದೆ. ನೋಡಲಿಲ್ಲ ಎಂದು ಪೊಲೀಸರಿಗೂ ನಿನ್ನ ಅಕ್ಕ ನವ್ಯಾಗೂ ಹೇಳಿದ್ದು ಸುಳ್ಳು. ಕಲ್ಲು ನಿನ್ನ ಹೆಲ್ಮೆಟ್ಟಿನ ವೈಸರ್ ಒಡೆದು ಒಳಗೆ ಹೋದದ್ದನ್ನು ನೋಡಿದೆ. ನೀನು ಬೈಕಿನ ಕೆಳಗೆ ಬಿದ್ದದ್ದನ್ನು, ಬಿದ್ದ ಮೇಲೂ ಒಂದು ಕೈ ಎತ್ತಿ ‘ನಿಲ್ಲಿ’ ಅಂದದ್ದನ್ನು, ಆ ಕೈಯ ಮೇಲೇ ಚೈನು ಬೀಸಿದ್ದನ್ನು. ಮೂರು ಜನ ಒದೆಯುತ್ತಿದ್ದರು. ನಾಲ್ಕನೆಯವನು ನಿನ್ನ ಹೆಲ್ಮೆಟ್ ಕಿತ್ತು ಅದರಿಂದಲೇ ನಿನ್ನ ಮುಖಕ್ಕೆ ಹೊಡೆದ. ಅಷ್ಟು ಚಿಕ್ಕ ಕನ್ನಡಿಯಲ್ಲಿ ಇಷ್ಟೆಲ್ಲ ಕಾಣುತ್ತದೆ. ನಾನು ಗೇರ್ ಬದಲಿಸಿದೆ.

ತಿರುವಿನಲ್ಲಿ ಇಶಾ ಕಾಯುತ್ತಿದ್ದಳು. ಗಾಳಿಯ ಅಬ್ಬರಕ್ಕೆ ಅವಳಿಗೆ ಏನೂ ಕೇಳಿರಲಿಲ್ಲ. "ವಿಶಾಲ್ ಎಲ್ಲೋ?" ಎಂದಳು.

"ಹಿಂದೇನೇ ಬರ್ತಿದಾನೆ, ನಡಿ."

ಯೋಚಿಸಿ ಹೇಳಿದ ಮಾತಲ್ಲ ಅದು. ಹಾಸ್ಟೆಲಿನ ಸಂಜೆಯ ರೋಲ್‌ಕಾಲಿನಲ್ಲಿ ವಾರ್ಡನ್ ನಿನ್ನ ಹೆಸರು ಕೂಗಿದಾಗ, ಗೋಡೆ ಹಾರಿ ಹೋಗಿರುತ್ತಿದ್ದ ನಿನ್ನ ಪರವಾಗಿ, ಜೂನಿಯರ್ ಆದ ನಾನು ವರ್ಷಗಟ್ಟಲೆ ಹೇಳಿದ್ದು ಇದನ್ನೇ: ಹಿಂದೇನೇ ಬರ್ತಿದಾನೆ ಸಾರ್. ಬಾಯಿಗೆ ಅದೇ ಬಂತು. ಆಗ ನಿನ್ನನ್ನು ಉಳಿಸಲು ಹೇಳುತ್ತಿದ್ದೆ. ಅವತ್ತು ನನ್ನನ್ನು ಉಳಿಸಿಕೊಳ್ಳಲು.

ಇಪ್ಪತ್ತು ಕಿಲೋಮೀಟರ್ ಹೋದೆವು. ಪೆಟ್ರೋಲ್ ಮಾರುವ ಗುಡಿಸಲಿನ ಹತ್ತಿರ ಇಶಾ ನಿಂತು, ಹೆಲ್ಮೆಟ್ ತೆಗೆದು ನನ್ನ ಮುಖ ನೋಡಿದಳು. ಬೈಕು ತಿರುಗಿಸಿದಳು. ನಾನು ಅಲ್ಲೇ ಕೂತುಬಿಟ್ಟೆ. ಅರ್ಧ ಗಂಟೆಯ ಮೇಲೆ ನಾನು ಹೋದಾಗ ಒಬ್ಬ ಮುದುಕಿ ತನ್ನ ಕಂಬಳಿಯ ಸಮೇತ ನಿನ್ನ ಮೇಲೆ ಬಗ್ಗಿ ಕೂತಿದ್ದಳು. ಇಶಾ ಗುಂಪಿಗೆ ಎದುರಾಗಿ, ಮುರಿದ ಮೊಣಕೈ ಹಿಡಿದುಕೊಂಡು, ಸ್ಪ್ಯಾನಿಷಿನಲ್ಲೂ ಕನ್ನಡದಲ್ಲೂ ಬೈಯುತ್ತಿದ್ದಳು. ಅವಳ ಮೇಲೂ ಚೈನು ಬಿದ್ದಿತ್ತು. ನಿನ್ನನ್ನು ಆಸ್ಪತ್ರೆಗೆ ಒಯ್ಯಲು ಟ್ರಕ್ಕಿಗೆ ಎತ್ತಿ ಹಾಕುವಾಗ ನಿನ್ನ ಎಡಗಣ್ಣಿದ್ದ ಜಾಗದಿಂದ ರಕ್ತ ನನ್ನ ತೋಳಿನೊಳಗೆ ಹರಿಯಿತು. ಬಿಸಿಯಾಗಿತ್ತು.

ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ ಅವಳ ಮೊಣಕೈಗೆ ಆಪರೇಷನ್ ನಡೆಯುತ್ತಿತ್ತು. ಪಕ್ಕದಲ್ಲಿ ನಾನಿದ್ದೆ. ಯಾರು ಬಿಟ್ಟು ಹೋದದ್ದು ಎಂದು ನೀನು ಕೇಳಿದೆ. ಇಶಾ ನಿಲ್ಲೋದು ಬೇಡ ಅಂದಳು, ನಾನೇ ಹಟ ಮಾಡಿ ತಿರುಗಿ ಬಂದೆ ಎಂದು ನಾನು ಹೇಳಿದೆ. ನೀನು ಅವಳ ಪ್ಲಾಸ್ಟರ್ ನೋಡಿದಾಗಲೂ ಬೈಕಿನಿಂದ ಬಿದ್ದಳು ಎಂದೆ. ನೀನು ಅವಳನ್ನು ಕೇಳಿದ್ದು ಒಂದೇ: "ಬಿಟ್ಟು ಹೋದ್ಯಾ, ಇಲ್ವಾ?" ಅವಳು ಇಪ್ಪತ್ತು ಕಿಲೋಮೀಟರ್ ಹೋಗಿದ್ದು ನಿಜ. "ಹೋದೆ" ಎಂದಳು, ತಿರುಗಿ ಬಂದದ್ದನ್ನು ಹೇಳಿಕೊಳ್ಳುವ ಜಾಯಮಾನ ಅವಳದಲ್ಲ. ಸ್ವೀಡನ್ನಿಗೆ ಬಂದು ನೀನು ಅವಳ ನಂಬರ್ ಬ್ಲಾಕ್ ಮಾಡಿದೆ, ಉಪ್ಸಾಲಾದ ಮನೆಯಿಂದ ನಿನ್ನ ಸಾಮಾನು ತರಿಸಿಕೊಂಡೆ. ತರಲು ಹೋದವನು ನಾನು.

ನಿನ್ನೆ ಉಪ್ಸಾಲಾಗೆ ಹೋಗಿ ಸ್ಟೇಷನ್ನಿನ ಕೆಫೆಯಲ್ಲಿ ಅವಳಿಗೆ ಎಲ್ಲ ಹೇಳಿದೆ. ಕೆನ್ನೆಗೆ ಬಾರಿಸಿದಳು, ಎರಡು ಸಲ. ಕಾಫಿ-ಬನ್ನಿನ ಫೀಕಾಗೆ ಕೂತಿದ್ದವರೆಲ್ಲ ತಮ್ಮ ತಮ್ಮ ಕಪ್ಪಿನೊಳಗೆ ನೋಡಿಕೊಂಡರು. ಎಡಗೈಯಲ್ಲಿ ಹೊಡೆದಳು, ಬಲಗೈ ಇನ್ನೂ ಪೂರ್ತಿ ಚಾಚುವುದಿಲ್ಲ. ಆಮೇಲೆ ಕೂತು, ಕಾಫಿ ಮುಗಿಸಿ ಹೇಳಿದಳು: "ಫೋನ್ ಮಾಡ್ಬೇಡ. ನೀನು ಅಳ್ತೀಯ, ಅವ್ನು ಸಮಾಧಾನ ಮಾಡೋಕೆ ಶುರು ಮಾಡ್ತಾನೆ. ಬರಿ. ಒಬ್ನೇ ಕೂತು ಓದ್ಲಿ."

ಅದಕ್ಕೇ ಈ ಕಾಗದ. ಅವತ್ತು ನನ್ನ ಹೆಲ್ಮೆಟ್ ಕ್ಯಾಮೆರಾ ಆನ್ ಇತ್ತು. ಆ ಮೆಮೊರಿ ಕಾರ್ಡೂ ಲಕೋಟೆಯಲ್ಲಿದೆ. ದೃಶ್ಯ ನೋಡುವುದು ಬೇಡ ಅನ್ನಿಸಿದರೆ ಸದ್ದನ್ನಾದರೂ ಕೇಳು. ಅವಳು ಏನು ಕೇಳಿದಳು, ನಾನು ಏನು ಹೇಳಿದೆ, ಎರಡೂ ಇದೆ.

ನನಗೆ ಉತ್ತರ ಬೇಡ. ಹೊಡೆಯಬೇಕು ಅನ್ನಿಸಿದರೆ ಬಾ, ನಾನು ಇಲ್ಲೇ ಇರುತ್ತೇನೆ. ಆದರೆ ಮೊದಲು ಅವಳಿಗೆ ಫೋನ್ ಮಾಡು. ನಂಬರ್ ಅದೇ ಇದೆ.

ಉಳಿದ ಕಣ್ಣು ತಂಪಾಗಿರಲಿ, ವಿಶಾಲ್. ಅದರಲ್ಲಿ ಅವಳನ್ನು ನೋಡು.

ನಿನ್ನ ಜೂನಿಯರ್,
ಚಿರಂತನ್